ಮೂರನೇ ನಂಬರಿನ ಉಪ್ಪು

ಬಸ್ಸು ಕಮಲಾಪುರ ದಾಟುವ ಹೊತ್ತಿಗೆ ಸುಮಧ್ವನಿಗೆ ಈ ಪರೀಕ್ಷೆಯ ಕೆಲಸವನ್ನು ಒಪ್ಪಿಕೊಳ್ಳಬಾರದಿತ್ತು ಎಂದು ಮೂರನೇ ಸಲ ಅನ್ನಿಸಿತು. ಮೊದಲ ಸಲ ಅನ್ನಿಸಿದ್ದು ಹೊಸಪೇಟೆ ಬಸ್‌ಸ್ಟ್ಯಾಂಡಿನಲ್ಲಿ, ಕಂಪ್ಲಿ ಬಸ್ಸಿನ ಬಾಗಿಲಿಗೆ ಜನ ಜೋತುಬಿದ್ದದ್ದನ್ನು ಕಂಡಾಗ. ಎರಡನೇ ಸಲ, ಪಕ್ಕದಲ್ಲಿ ಕೂತವನು ತನ್ನ ಬಾಳೆಗೊನೆಯನ್ನು ಇವನ ಮೊಣಕಾಲಿಗೆ ಒರಗಿಸಿ, "ಸ್ವಲ್ಪ ಹಿಡ್ಕೋರಿ ಸರ, ಇಲ್ಲೇ ಮುಂದ ಇಳಿದುಬಿಡ್ತೀನಿ" ಎಂದು ಹೇಳಿ ನಿಶ್ಚಿಂತೆಯಿಂದ ಕಣ್ಣು ಮುಚ್ಚಿದಾಗ. ಬಾಳೆಗೊನೆಯ ಹಾಲು ಇಸ್ತ್ರಿ ಮಾಡಿದ ಪ್ಯಾಂಟಿಗೆ ತಾಗುತ್ತದೆ, ತಾಗಿದರೆ ಆ ಕಲೆ ಜನ್ಮದಲ್ಲಿ ಹೋಗುವುದಿಲ್ಲ. ಆದರೆ ಅದನ್ನು ಸರಿಸಲು ಕೈ ಬಿಡುವಿರಲಿಲ್ಲ. ಎರಡೂ ಕೈಯಲ್ಲಿ ತೊಡೆಯ ಮೇಲಿನ ಚೀಲವನ್ನು ಅಪ್ಪಿಕೊಂಡಿದ್ದ. ಚೀಲದಲ್ಲಿ ಹದಿನಾರು ಕಾಗದದ ಪೊಟ್ಟಣಗಳಿದ್ದವು. ನಾಲ್ಕು ಬಗೆಯ ಉಪ್ಪು, ಒಂದೊಂದರದು ನಾಲ್ಕು ಪೊಟ್ಟಣ. ಮಕ್ಕಳು ಆ ಪುಡಿಯನ್ನು ಕರಗಿಸಿ, ಕಾಯಿಸಿ, ಆಸಿಡ್ಡು ಹಾಕಿ, ಬಣ್ಣ ನೋಡಿ, ಅದರಲ್ಲಿರುವ ಲೋಹ ಯಾವುದು ಎಂದು ಕಂಡುಹಿಡಿಯಬೇಕು. ಎರಡನೇ ಪಿಯುಸಿಯ ರಸಾಯನಶಾಸ್ತ್ರದ ಪ್ರಾಯೋಗಿಕ ಪರೀಕ್ಷೆಯೆಂದರೆ ಇಷ್ಟೇ. ಇಷ್ಟನ್ನು ನೆಟ್ಟಗೆ ನಡೆಸಲು ಈ ಸೀಮೆಯ ಒಂದು ಕಾಲೇಜಿಗೂ ಆಗುವುದಿಲ್ಲ ಎಂಬುದು ಇಪ್ಪತ್ತು ವರ್ಷ ಪಾಠ ಮಾಡಿದ ಸುಮಧ್ವನ ಅಭಿಪ್ರಾಯವಾಗಿತ್ತು.

ಉಪ್ಪನ್ನು ಆಯಾ ಕಾಲೇಜಿನ ದಾಸ್ತಾನಿನಿಂದಲೇ ತೆಗೆದುಕೊಡಬೇಕೆಂಬುದು ನಿಯಮ. ಆದರೆ ದಾಸ್ತಾನಿನ ಬೀಗದ ಕೈ ಇರುವುದು ಅಟೆಂಡರನ ಸೊಂಟದಲ್ಲಿ. ಅಟೆಂಡರು ಪೊಟ್ಟಣ ಕಟ್ಟುವಾಗ ಒಂದು ಮಡಿಕೆ ಹಾಕಿದರೆ ಸೀಸ, ಎರಡು ಹಾಕಿದರೆ ತಾಮ್ರ, ಮೂಲೆ ಮುರಿದರೆ ಸತು. ಪರೀಕ್ಷೆಗೆ ಮುಂಚೆಯೇ ಹುಡುಗರಿಗೆ ಈ ಮಡಿಕೆಗಳ ಪಾಠ ಆಗಿರುತ್ತದೆ, ರಸಾಯನಶಾಸ್ತ್ರದ ಪಾಠ ಆಗಿರದಿದ್ದರೂ. ಈ ವಿಷಯ ಗೊತ್ತಾದ ಮೇಲೆ ಸುಮಧ್ವ ಎಲ್ಲಿಗೆ ಪರೀಕ್ಷಕನಾಗಿ ಹೋದರೂ ಉಪ್ಪನ್ನು ತಾನೇ ಒಯ್ಯತೊಡಗಿದ್ದ. ಹದಿನಾರು ಪೊಟ್ಟಣವನ್ನೂ ಅಡಿಕೋಲು ಇಟ್ಟು ಒಂದೇ ಅಳತೆಗೆ ಮಡಿಚಿದ್ದ. ಹೊಸಪೇಟೆಯ ಹುಡುಗರು ಬೆನ್ನ ಹಿಂದೆ ತನ್ನನ್ನು ಸೊನ್ನೆ ಸುಮಧ್ವ ಎನ್ನುತ್ತಾರೆಂದು ಅವನಿಗೆ ಗೊತ್ತಿತ್ತು. ಕೇಳಿದಾಗ ಸಿಟ್ಟು ಬಂದಂತೆ ಮುಖ ಮಾಡಿದ್ದನಾದರೂ ಒಳಗೊಳಗೆ ಖುಷಿಯಾಗಿತ್ತು. ಊರಿಗೂರೇ ಗಣಿಯ ಮಣ್ಣು ಮಾರಲು ನಿಂತಿರುವಾಗ, ನಿನ್ನೆಯವರೆಗೆ ಸೈಕಲ್ಲು ತುಳಿಯುತ್ತಿದ್ದವನು ಇವತ್ತು ನಾಲ್ಕು ಟಿಪ್ಪರಿನ ಮಾಲೀಕನಾಗಿರುವಾಗ, ಎರಡು ಸಾವಿರದ ಏಳನೇ ಇಸವಿಯ ಹೊಸಪೇಟೆಯಲ್ಲಿ ಯಾರಿಗೂ ಬಗ್ಗದ ಒಬ್ಬ ಮನುಷ್ಯನಾದರೂ ಇದ್ದಾನೆ ಎಂದು ಅವನು ಸ್ನಾನ ಮಾಡುವಾಗ, ಸ್ಕೂಟರಿಗೆ ಕಿಕ್ಕು ಹೊಡೆಯುವಾಗ, ತನಗೆ ತಾನೇ ಹೇಳಿಕೊಳ್ಳುವುದಿತ್ತು.

ಮೂರನೇ ನಂಬರಿನ ಉಪ್ಪು ಮಾತ್ರ ಅವನಿಗೆ ಬಹಳ ಕಾಟ ಕೊಟ್ಟಿತ್ತು. ಅಲ್ಯೂಮಿನಿಯಂ ಸಲ್ಫೇಟು, ಅಪ್ಪಟ ಬಿಳಿ, ಹೊಸ ಬಾಟಲಿ. ಆದರೆ ಮುಚ್ಚಳ ಸಡಿಲಾಗಿ ಗಾಳಿಯ ತೇವ ಹೀರಿ ಬೆಲ್ಲದ ಅಚ್ಚಿನ ಹಾಗೆ ಗಟ್ಟಿಯಾಗಿತ್ತು. ಭಾನುವಾರ ಅದನ್ನು ಮನೆಗೆ ತಂದು ಕುಟ್ಟಿ, ಸ್ಟೀಲಿನ ತಟ್ಟೆಯಲ್ಲಿ ಹರವಿ, ಒಳಗಿನ ಕೋಣೆಯಲ್ಲಿ ಫ್ಯಾನಿನ ಕೆಳಗೆ ಇಡೋಣವೆಂದರೆ ತಾಯಿ ಯಮುನಾಬಾಯಿ ಬಾಗಿಲಿಗೆ ಅಡ್ಡ ನಿಂತಳು. "ಕಾಲೇಜಿನ ಮೈಲಿಗಿ ಒಳಗ ತರಬ್ಯಾಡ. ಯಾರ್ಯಾರು ಮುಟ್ಟಿದ್ದೋ ಏನೋ." "ಅದು ಬರೇ ಉಪ್ಪು ಅಮ್ಮ." "ಉಪ್ಪಾದರ ಊಟದಾಗ ಹಾಕ್ಕೋ. ಮಾಳಿಗಿ ಮ್ಯಾಲೆ ಇಡು ಹೋಗು." ಐವತ್ತಕ್ಕೆ ಹತ್ತಿರವಾದ ಲೆಕ್ಚರರು ತಟ್ಟೆ ಹಿಡಿದುಕೊಂಡು ಬೈಸಿಕೊಂಡ ಹುಡುಗನಂತೆ ಮಾಳಿಗೆ ಹತ್ತಿದ್ದ. ಕೆಳಗೆ ಸಂಡೂರು ರಸ್ತೆಯಲ್ಲಿ ಅದಿರಿನ ಲಾರಿಗಳು ಒಂದರ ಬಾಲ ಒಂದು ಹಿಡಿದು ನಿಂತಿದ್ದವು. ಸಂಜೆ ತಾಯಿ ಮಾಳಿಗೆಗೆ ಬಂದು ಮಡಿಕೋಲಿನಿಂದ ತನ್ನ ಸೀರೆಯನ್ನು ತಂತಿಯಿಂದ ಇಳಿಸುತ್ತ, "ನೋಡೋ ಇದು, ಹೆಂಗ ಕೆಂಪಗಾಗ್ಯದ. ಮತ್ತ ನೆನೀ ಹಾಕಬೇಕು. ಎಲ್ಲಿಂದ ಬಂತೋ ಈ ದರಿದ್ರ ಧೂಳು" ಎಂದು ಗೊಣಗಿದಾಗ, ಅವನು ತಟ್ಟೆಯನ್ನು ಎತ್ತಿಕೊಳ್ಳುತ್ತ ರೇಗಿದ್ದ. "ಎಲ್ಲಿ ಕೆಂಪಗದ? ನನ್ನ ಕಣ್ಣಿಗೆ ಏನೂ ಕಾಣಂಗಿಲ್ಲ. ನಿನಗ ಮಡಿ ಹೋಯ್ತು ಅನ್ನೋದಕ್ಕ ಒಂದು ನೆಪ ಬೇಕು ಅಷ್ಟೇ." ಅಷ್ಟು ಗಟ್ಟಿಯಾಗಿ ಹೇಳಬೇಕಿರಲಿಲ್ಲ. ಆ ರಾತ್ರಿ ಅವಳು ಊಟ ಮಾಡದೆ ಮಲಗಿದ್ದು ಬಸ್ಸಿನಲ್ಲಿ ನೆನಪಾಗಿ, ಅದಕ್ಕೂ ಬಾಳೆಗೊನೆಯವನ ಮೇಲೆಯೇ ಸಿಟ್ಟು ಬಂತು.

ಕಂಪ್ಲಿ ಕಾಲೇಜಿನ ಚನ್ನಯ್ಯ ಗೇಟಿನಲ್ಲೇ ಕಾಯುತ್ತಿದ್ದ. ಅಲ್ಲಿಯ ರಸಾಯನಶಾಸ್ತ್ರದ ಲೆಕ್ಚರರು ಅವನು. ಪರೀಕ್ಷೆಯಲ್ಲಿ ಸುಮಧ್ವನ ಜೊತೆಯ ಒಳಪರೀಕ್ಷಕ. ಯಾವಾಗಲೂ ಈಗತಾನೇ ನಿದ್ದೆಯಿಂದ ಎದ್ದವನ ಮುಖ. "ಬರ್ರಿ ಸರ, ಬರ್ರಿ. ಮೊದಲು ಕುಂದ್ರಿ. ಮಂಡಕ್ಕಿ, ಮಿರ್ಚಿ ತರಿಸೀನಿ. ಬಿಸಿ ಅದಾವು." ಬೆಳಗಿನ ಒಂಬತ್ತು ಗಂಟೆಗೆ ಮಿರ್ಚಿ. ಸುಮಧ್ವ ಬೇಡವೆಂದ. ಚೀಲದಿಂದ ಪೊಟ್ಟಣಗಳನ್ನು ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟಾಗ ಚನ್ನಯ್ಯನ ಮುಖ ಸ್ವಲ್ಪ ಎಚ್ಚರಾಯಿತು. "ನಮ್ಮದ ಸ್ಟಾಕ್ ಐತಲ್ರಿ ಸರ? ರೂಲ್ ಪ್ರಕಾರ…" "ರೂಲ್ ನನಗೂ ಗೊತ್ತದ" ಎಂದ ಸುಮಧ್ವ, ಚನ್ನಯ್ಯನ ಹಿಂದೆ ನಿಂತಿದ್ದ ಅಟೆಂಡರ್ ಜಂಬಯ್ಯನನ್ನು ನೋಡುತ್ತ. ಜಂಬಯ್ಯ ನೆಲ ನೋಡಿದ. ಬಡಕಲು ಮನುಷ್ಯ, ಆಸಿಡ್ಡಿಗೆ ಬೆರಳ ತುದಿಗಳೆಲ್ಲ ಹಳದಿಗಟ್ಟಿದ್ದವು. ಇಪ್ಪತ್ತಾರು ವರ್ಷದಿಂದ ಇದೇ ಲ್ಯಾಬು ಎಂದು ಚನ್ನಯ್ಯ ಹೇಳಿದ. ಇಪ್ಪತ್ತಾರು ವರ್ಷದಲ್ಲಿ ಎಷ್ಟು ಪೊಟ್ಟಣ ಮಡಿಚಿದ್ದಾನೋ ಎಂದು ಸುಮಧ್ವ ಲೆಕ್ಕ ಹಾಕಿದ.

ಪರೀಕ್ಷೆ ಶುರುವಾಯಿತು. ಹದಿನಾರು ಮಕ್ಕಳು, ಎಂಟು ಬರ್ನರು, ಅದರಲ್ಲಿ ಉರಿಯುವವು ಐದು. ಮೌಖಿಕ ಪ್ರಶ್ನೆ ಕೇಳಲು ಸುಮಧ್ವ ಕಿಟಕಿಯ ಪಕ್ಕ ಕುರ್ಚಿ ಹಾಕಿಸಿಕೊಂಡ. ಮೂಲಧಾತುಗಳನ್ನು ಅವುಗಳ ಗುಣದಿಂದ ಗುರುತಿಸುವುದು ಅವನಿಗೆ ಪ್ರೀತಿಯ ಆಟ. ತಾನು ಓದುವಾಗ ಅವು ಮನುಷ್ಯರ ಹಾಗೆ ಕಂಡಿದ್ದವು. ಸೋಡಿಯಂ ಎಂಬ ಮುಂಗೋಪಿ, ಬಂಗಾರವೆಂಬ ಯಾರೊಡನೆಯೂ ಬೆರೆಯದ ಬಿಗುಮಾನದವನು. "ಚಾಕುವಿನಿಂದ ಕತ್ತರಿಸಬಹುದು, ನೀರಿಗೆ ಹಾಕಿದರ ಓಡಾಡ್ತದ, ಸೀಮೆಎಣ್ಣಿಯೊಳಗ ಇಡಬೇಕು. ಯಾವುದು?" ಮುಂದೆ ನಿಂತ ಹುಡುಗ ಬಹಳ ಯೋಚಿಸಿ, "ಬತ್ತಿ ರೀ ಸರ" ಎಂದ. ಅವನ ಹಿಂದಿನವನಿಗೆ, ಕೆಂಪುಗಂದು ಬಣ್ಣದ ದ್ರವ, ಮೂಗಿಗೆ ಘಾಟು, ಕಣ್ಣಲ್ಲಿ ನೀರು ಬರ್ತದ ಎಂದರೆ ಬ್ರೋಮಿನ್ ಎನ್ನಲಿಲ್ಲ. "ಫಿನಾಯಿಲ್" ಎಂದ. ನಗು ಬರಲಿಲ್ಲ. ಈ ಹುಡುಗ ಇನ್ನಾರು ತಿಂಗಳಲ್ಲಿ ಯಾವುದೋ ಗಣಿಯ ಗೇಟಿನಲ್ಲಿ ಲಾರಿ ನಂಬರು ಬರೆದುಕೊಳ್ಳುತ್ತ ತನ್ನದಕ್ಕಿಂತ ದೊಡ್ಡ ಮೊಬೈಲು ಇಟ್ಟುಕೊಂಡಿರುತ್ತಾನೆ ಎಂದು ಯೋಚನೆ ಬಂತು. ಕಿಟಕಿಯಾಚೆ ಕಬ್ಬಿನ ಗದ್ದೆ ಹಸಿರಾಗಿ ಕಣ್ಣಿಗೆ ಹಿತವಾಗಿತ್ತು. ಈ ಊರಿಗೆ ಕಾಲುವೆಯ ನೀರಿದೆ, ಲಾರಿಯಿಲ್ಲ, ಧೂಳಿಲ್ಲ. ಆದರೂ ಒಬ್ಬನಿಗೂ ಸೋಡಿಯಂ ಗೊತ್ತಿಲ್ಲ ಎಂದುಕೊಂಡ.

ಮೂರನೇ ನಂಬರಿನ ಪೊಟ್ಟಣ ನಾಲ್ಕು ಮಂದಿಗೆ ಹೋಗಿತ್ತು. ಮೂವರು ಹುಡುಗರು ಅರ್ಧ ಗಂಟೆಗೆ ಮೊದಲೇ ಅಲ್ಯೂಮಿನಿಯಂ ಎಂದು ಬರೆದು ತಂದುಕೊಟ್ಟರು. ಸುಮಧ್ವ ಅವರ ಜಾಗಕ್ಕೆ ಹೋಗಿ ಟೆಸ್ಟ್ ಟ್ಯೂಬುಗಳನ್ನು ಎತ್ತಿ ನೋಡಿದ. ಒಬ್ಬನದಂತೂ ಒದ್ದೆಯೇ ಆಗಿರಲಿಲ್ಲ. ಮಾಡದೇ ಕಂಡುಹಿಡಿದಿದ್ದಾನೆ. ಇಷ್ಟೆಲ್ಲ ಮಾಡಿದರೂ, ಅಡಿಕೋಲು ಇಟ್ಟು ಮಡಿಚಿದರೂ, ಹೇಗೋ ಸುದ್ದಿ ಹೊರಬಿದ್ದಿದೆ. ಜಂಬಯ್ಯ ಮೂಲೆಯಲ್ಲಿ ನೀರು ತುಂಬಿಸುತ್ತಿದ್ದ. ಉತ್ತರ ಸರಿ ಇರುವಾಗ ಅಂಕ ಕೊಡದೆ ಗತಿಯಿಲ್ಲ. ಉಪ್ಪಿನ ಹದಿನಾರು ಅಂಕಕ್ಕೆ ಹದಿನಾರೂ ಹಾಕುವಾಗ ಸುಮಧ್ವನ ಪೆನ್ನು ಕಾಗದವನ್ನು ಸ್ವಲ್ಪ ಹರಿಯಿತು. ಆ ಸಿಟ್ಟು ಇನ್ನೂ ಬಿಸಿಯಾಗಿರುವಾಗಲೇ ನಾಲ್ಕನೆಯವಳು ಬಂದಳು. ಸುಷ್ಮಿತಾ ಎಂದು ಹಾಳೆಯ ಮೇಲೆ ಹೆಸರು, ಮೆಟ್ರಿ ಹಳ್ಳಿಯ ಹುಡುಗಿ. ಎರಡು ಜಡೆ, ತೋಳಿನವರೆಗೆ ಮಡಿಚಿದ ಚೂಡಿದಾರದ ಕೈ, ಹಣೆಯ ಮೇಲೆ ಬೆವರು. ಎಲ್ಲರಿಗಿಂತ ಕೊನೆಗೆ ಬಂದವಳು. ಅವಳ ಹಾಳೆಯಲ್ಲಿ ಅಲ್ಯೂಮಿನಿಯಂ ಇತ್ತು. ಅದರ ಕೆಳಗೆ ಇನ್ನೊಂದು ಸಾಲಿನಲ್ಲಿ, ಕಬ್ಬಿಣವೂ ಇದೆ ಎಂದು ಬರೆದಿತ್ತು.

"ಒಂದು ಉಪ್ಪಿನೊಳಗ ಎಷ್ಟು ಲೋಹ ಕೊಟ್ಟಿರ್ತೀವಿ?" "ಒಂದ್ರಿ ಸರ." "ಮತ್ತ ಎರಡು ಯಾಕ ಬರ್ದಿ?" "ಎರಡು ಬಂದ್ವು ಸರ, ಅದಕ್ಕ." ಅವಳ ದನಿಯಲ್ಲಿ ಹೆದರಿಕೆಯಿರಲಿಲ್ಲ, ಅದೇ ಅವನನ್ನು ಕೆರಳಿಸಿತು. "ನೀರಿನಾಗ ಕರಗಿಸಿದಾಗ ತಳದಾಗ ಒಂದೀಟು ಉಳೀತ್ರಿ. ಅದಕ್ಕ ಆಸಿಡ್ಡಿನಾಗ ಕಾಸಿದೆ. ತೆಳ್ಳಗ ಹಳದಿ ಬಂತು. ಆಮ್ಯಾಲೆ ಥಯೋಸಯನೇಟ್ ಹಾಕಿದ್ರ ಕೆಂಪಗಾತ್ರಿ. ಕಬ್ಬಿಣ ಇದ್ರನ ಹಂಗ ಆಗೋದಲ್ರಿ." ಸುಮಧ್ವನಿಗೆ ಇದು ಹಳೆಯ ವಿದ್ಯೆ ಅನ್ನಿಸಿತು. ಒಂದು ಉತ್ತರ ಯಾರೋ ಹೇಳಿದ್ದು, ಇನ್ನೊಂದು ಊಹಿಸಿದ್ದು. ಎರಡನ್ನೂ ಬರೆದುಬಿಟ್ಟರೆ ಯಾವುದಾದರೂ ಒಂದು ತಾಗುತ್ತದೆ. "ಇದೇನು ಖಾನಾವಳಿ ಅಂದ್ಕೊಂಡೀಯೇನು, ಇದೂ ಹಾಕ್ರಿ, ಅದೂ ಹಾಕ್ರಿ ಅನ್ನಲಿಕ್ಕೆ?" ಎಂದ. ಗಟ್ಟಿಯಾಗಿಯೇ ಎಂದ. ಹುಡುಗರು ನಕ್ಕರು. ನಗುವಿನ ಸಣ್ಣ ಸುಖ ಅವನ ಎದೆಗೆ ತಾಗಿತು. ಹುಡುಗಿ ಮಾತ್ರ ನಗುವವರ ಕಡೆ ತಿರುಗಲಿಲ್ಲ. "ನಿಮ್ಮ ಮುಂದ ಇನ್ನೊಂದ್ಸಲ ಮಾಡ್ತೀನಿ ಸರ. ನೀವ ನೋಡ್ರಿ" ಎಂದಳು. "ನಾನು ಕೊಟ್ಟ ಉಪ್ಪಿನೊಳಗ ಏನದ ಅಂತ ನೀನು ನನಗ ತೋರಿಸ್ತೀಯೇನು?" ಎಂದು ಅವನು ಕೆಂಪು ಪೆನ್ನಿನಿಂದ ಎರಡೂ ಸಾಲನ್ನು ಒಂದೇ ಗೀಟಿನಲ್ಲಿ ಹೊಡೆದುಹಾಕಿ, ಪಕ್ಕದಲ್ಲಿ ಸೊನ್ನೆ ಬರೆದು ಸುತ್ತು ಹಾಕಿದ. ಎರಡು ಉತ್ತರ ಬರೆದರೆ ಅಂಕವಿಲ್ಲ, ಅದು ಎಲ್ಲ ಕಡೆಯೂ ಇರುವ ವಾಡಿಕೆ. ಅವಳು ಆ ಸೊನ್ನೆಯನ್ನು ಬಹಳ ಹೊತ್ತು ನೋಡಿದಳು. ಅಳುತ್ತಾಳೆಂದು ಕಾದ, ಅಳಲಿಲ್ಲ. ತನ್ನ ಜಾಗಕ್ಕೆ ಹೋಗಿ, ಚೀಲ ತೆಗೆದುಕೊಂಡು ಹೊರಗೆ ಹೋದಳು.

ಪರೀಕ್ಷೆ ಮುಗಿಯುವಾಗ ಒಂದು ಗಂಟೆ. ಅಂಕಪಟ್ಟಿಯನ್ನು ಅವತ್ತೇ ಲಕೋಟೆಗೆ ಹಾಕಿ ಅರಗಿನ ಮೊಹರು ಒತ್ತಬೇಕು. ಅದಕ್ಕೆ ಮೊದಲು ಊಟ. ಸುಮಧ್ವ ಮನೆಯಿಂದ ತಂದ ಮೊಸರನ್ನದ ಡಬ್ಬಿಯನ್ನು ಸ್ಟಾಫ್ ರೂಮಿನಲ್ಲಿ ಬಿಚ್ಚಿದ. ಚನ್ನಯ್ಯ ಅಂಕಪಟ್ಟಿ ಓದುತ್ತ ಬಾಯಲ್ಲಿ ಚ್‌ಚ್ ಎಂದ. "ಸುಷ್ಮಿತಾಗ ಹತ್ತೊಂಬತ್ತಾತಲ್ರಿ ಸರ. ನಲವತ್ತಕ್ಕ ಹತ್ತೊಂಬತ್ತು. ಭಾಳ ಶ್ಯಾಣ್ಯಾ ಹುಡುಗಿರಿ ಅದು." "ಶ್ಯಾಣ್ಯಾ ಇದ್ದರ ಎರಡೆರಡು ಯಾಕ ಬರೀಬೇಕು?" "ಅದರ ಅವ್ವ ಹೊಳೆಮ್ಮ ಅಂತ. ಕಂಟ್ರಾಕ್ಟರ್ ಲಾರ್ಯಾಗ ಸಂಡೂರು ಕಡಿ ಹೋಗ್ತಾಳ ನೋಡ್ರಿ, ಅದಿರಿನ ಕಲ್ಲು ಆರಿಸಾಕ. ಎಂಟು ದಿನಕ್ಕೊಮ್ಮಿ ಬರ್ತಾಳ. ಕಲ್ಲು ಕೈಯಾಗ ಹಿಡಿದು ತೂಗಿ, ಇದರಾಗ ಕಬ್ಬಿಣ ಅರವತ್ತೈದು ಪರ್ಸೆಂಟ್, ಇದರಾಗ ಅರವತ್ತು ಅಂತ ಹೇಳ್ತಾಳಂತ. ಗಣಿ ಲ್ಯಾಬ್‌ನಾಗ ನೋಡಿದ್ರ ಅಷ್ಟ ಇರ್ತದಂತ. ಈ ಹುಡುಗಿಗೆ ಬಿಎಸ್ಸಿ ಕೆಮಿಸ್ಟ್ರಿ ಮಾಡಿ ಆ ಲ್ಯಾಬ್‌ನಾಗ ಸೇರಬೇಕಂತ ಐತ್ರಿ. ಅವ್ವ ಆರಿಸಿದ್ದನ್ನ ಮಗಳು ಪರೀಕ್ಷೆ ಮಾಡೋದು." ಚನ್ನಯ್ಯ ತಾನೇ ಹೇಳಿದ್ದಕ್ಕೆ ತಾನೇ ನಕ್ಕ. "ಹತ್ತೊಂಬತ್ತು ಬಂದ್ರ ಕೆಮಿಸ್ಟ್ರಿ ಸೀಟು ಸಿಗಂಗಿಲ್ರಿ." ಸುಮಧ್ವ ಮೊಸರನ್ನದಲ್ಲಿ ಸಿಕ್ಕ ಮೆಣಸಿನಕಾಯಿಯನ್ನು ಮುಚ್ಚಳಕ್ಕೆ ತೆಗೆದಿಟ್ಟ. ಪ್ರತಿಯೊಂದು ಕಾಲೇಜಿನಲ್ಲೂ ಇದೇ ಪುರಾಣ. ಒಬ್ಬರ ತಾಯಿ ಕಲ್ಲು ಆರಿಸುತ್ತಾಳೆ, ಇನ್ನೊಬ್ಬರ ತಂದೆಗೆ ಲಕ್ವ. ಅದಕ್ಕೂ ಉಪ್ಪಿಗೂ ಏನು ಸಂಬಂಧ?

ನೀರು ತಂದ ಜಂಬಯ್ಯನನ್ನು ಅವನು ಬಿಡಲಿಲ್ಲ. "ಏನಪ್ಪಾ, ಮೂರನೇ ನಂಬರ್ ಅಲ್ಯೂಮಿನಿಯಂ ಅಂತ ಆ ಮೂರು ಹುಡುಗರಿಗೆ ಹೆಂಗ ಗೊತ್ತಾತು? ಖರೇ ಹೇಳು." ಜಂಬಯ್ಯ ಲೋಟ ಹಿಡಿದುಕೊಂಡೇ ನಿಂತ. "ನಾನೇನೂ ಹೇಳಿಲ್ರಿ ಸರ. ನಾಲಿಗಿಗೆ ಹಚ್ಚಿ ನೋಡ್ಯಾರ. ಬಾಯಿ ಒಗರಾದ್ರ ಗೊತ್ತಾಗಂಗಿಲ್ಲೇನ್ರಿ? ನಮ್ಮ ಪಟಿಕದ ರುಚಿನ ಐತಿ. ಹೊಳ್ಯಾಗ ಕೆಂಪು ನೀರು ಬಂದಾಗ ಮನಿಮನ್ಯಾಗ ಕೊಡಕ್ಕ ಪಟಿಕ ತಿರುವ್ತೀವಿ. ಸಣ್ಣ ಹುಡುಗ್ರಿಗೂ ಗೊತ್ತರಿ ಅದು." ಪ್ರಯೋಗಾಲಯದ ಪುಡಿಯನ್ನು ನಾಲಗೆಗೆ ಹಚ್ಚುವುದು! ಸುಮಧ್ವ ಬೈಯಲು ಬಾಯಿ ತೆರೆದ. ಪಟಿಕದಲ್ಲಿರುವುದೂ ಅಲ್ಯೂಮಿನಿಯಂ, ರುಚಿಯೂ ಒಂದು ಭೌತಿಕ ಗುಣ ಎಂದು ಪಾಠ ಮಾಡುವಾಗ ತಾನೇ ಹೇಳುತ್ತಿದ್ದುದು ನೆನಪಾಗಿ ಅವನ ಕೈಯಿಂದ ಲೋಟ ತೆಗೆದುಕೊಂಡ. ಹಾಗಾದರೆ ಸುದ್ದಿ ಹೊರಬಿದ್ದಿರಲಿಲ್ಲ. ಯಾರೂ ಯಾರಿಗೂ ಏನೂ ಹೇಳಿರಲಿಲ್ಲ. ಹಾಗಾದರೆ ಆ ಹುಡುಗಿಗೆ ಕಬ್ಬಿಣ ಎಂದು ಹೇಳಿದವರು ಯಾರು? ಹೇಳಿಸಿಕೊಂಡವಳು ಯಾರಾದರೂ ಹಳದಿ ಬಂತು, ತಳದಲ್ಲಿ ಒಂದಿಷ್ಟು ಉಳಿಯಿತು ಎಂದು ಅಷ್ಟು ಸಣ್ಣ ಸಣ್ಣ ವಿವರ ಕೊಡುತ್ತಾಳೆಯೇ? ತಳದಲ್ಲಿ ಉಳಿಯಿತು. ಅವನ ಕೈ ಅನ್ನದಲ್ಲೇ ನಿಂತಿತು. ತಂತಿಯ ಮೇಲಿನ ಸೀರೆ, ಅದರ ಕೆಳಗೆ ಸ್ಟೀಲಿನ ತಟ್ಟೆ, ರಸ್ತೆಯಲ್ಲಿ ನಿಂತ ಕಬ್ಬಿಣದ ಅದಿರಿನ ಲಾರಿಗಳು. ಎಲ್ಲಿ ಕೆಂಪಗದ ಎಂದು ತಾನು ಅರಚಿದ್ದು. ಡಬ್ಬಿ ಮುಚ್ಚಿ, ಕೈ ತೊಳೆದು, ಲ್ಯಾಬಿನಲ್ಲಿ ಕನ್ನಡಕ ಮರೆತೆ ಎಂದು ಹೇಳಿ ಎದ್ದ. ಕನ್ನಡಕ ಅವನ ಮೂಗಿನ ಮೇಲೆಯೇ ಇತ್ತು.

ಖಾಲಿ ಲ್ಯಾಬಿನಲ್ಲಿ ಗ್ಯಾಸಿನ ವಾಸನೆ ಉಳಿದಿತ್ತು. ಬೇಕಾದೀತೆಂದು ಚೀಲದ ತಳದಲ್ಲಿ ಬೇರೆಯಾಗಿ ಇಟ್ಟಿದ್ದ ಮೂರನೇ ನಂಬರಿನ ಉಳಿದ ಪುಡಿಯನ್ನು ತೆಗೆದ. ಮೊದಲು ಆಸಿಡ್ಡನ್ನು ಅನುಮಾನಿಸಿದ, ಅದೇ ಸರಿಯಾದ ಕ್ರಮ. ಬರೀ ಆಸಿಡ್ಡಿಗೆ ಥಯೋಸಯನೇಟ್ ಹಾಕಿದ. ಬಣ್ಣವಿಲ್ಲ. ಈ ಹಾಳು ಕಾಲೇಜಿನ ಆಸಿಡ್ಡಿನಲ್ಲಾದರೂ ಕಬ್ಬಿಣ ಇರಬಾರದಿತ್ತೇ ಎಂದು ಸಿಟ್ಟು ಬಂತು. ಕಪಾಟಿನಲ್ಲಿ ಜಂಬಯ್ಯ ಒರೆಸಿಟ್ಟ ಬಾಟಲಿಗಳ ಸಾಲಿನಲ್ಲಿ ಅಲ್ಯೂಮಿನಿಯಂ ಸಲ್ಫೇಟು ಹುಡುಕಿ, ಅದನ್ನು ಕಾಸಿ ನೋಡಿದ. ಬಣ್ಣವಿಲ್ಲ. ಈಗ ತನ್ನದು. ನೀರಿಗೆ ಹಾಕಿ ಅಲುಗಿಸಿ, ಕಿಟಕಿಯ ಬೆಳಕಿಗೆ ಹಿಡಿದಾಗ ತಳದಲ್ಲಿ ಕಣ್ಣಿಗೆ ಕಾಣುವುದೋ ಇಲ್ಲವೋ ಎನ್ನುವಷ್ಟು ಒಂದು ಚೂರು ಮಬ್ಬು. ಆಸಿಡ್ಡು ಹಾಕಿ ಬರ್ನರಿನ ಮೇಲೆ ಹಿಡಿದ. ಅವಸರದಲ್ಲಿ ಟ್ಯೂಬಿನ ಬಾಯಿಯನ್ನು ತನ್ನ ಮುಖದ ಕಡೆಗೇ ತಿರುಗಿಸಿಕೊಂಡಿದ್ದ. ಮಕ್ಕಳು ಹೀಗೆ ಮಾಡಿದರೆ ಎರಡು ಅಂಕ ಕಳೆಯುತ್ತಾನೆ. ತೆಳ್ಳಗೆ ಹಳದಿ ಬಂತು. ಆರಲು ಬಿಟ್ಟು, ಥಯೋಸಯನೇಟಿನ ಎರಡು ಹನಿ ಬಿಟ್ಟಾಗ ಟ್ಯೂಬಿನ ತುಂಬ ನೆತ್ತರ ಕೆಂಪು ಹರಡಿತು. ಅನುಮಾನಕ್ಕೆ ಎಡೆಯೇ ಇಲ್ಲದ, ಪಠ್ಯಪುಸ್ತಕದಲ್ಲಿ ಬರೆದಿಟ್ಟಂಥ ಕೆಂಪು. ಇಷ್ಟು ಸ್ವಚ್ಛವಾದ ಫಲಿತಾಂಶವನ್ನು ಅವನು ತನ್ನ ವಿದ್ಯಾರ್ಥಿಗಳ ಕೈಯಲ್ಲಿ ನೋಡಿ ವರ್ಷಗಳಾಗಿದ್ದವು. ಹದಿನಾರು ಮಕ್ಕಳಲ್ಲಿ ಒಬ್ಬಳು, ಕೇವಲ ಒಬ್ಬಳು, ತಳದಲ್ಲಿ ಉಳಿದದ್ದನ್ನು ಬಿಡದೆ ಅಟ್ಟಿಸಿಕೊಂಡು ಹೋಗಿದ್ದಳು. ಅವಳಿಗೆ ತಾನು ಖಾನಾವಳಿಯ ಮಾತು ಹೇಳಿ ಉಳಿದವರನ್ನು ನಗಿಸಿದ್ದ. ಮುಖ ಬಿಸಿಯಾಯಿತು.

"ಕಬ್ಬಿಣ ಬಂದೈತಲ್ರಿ ಸರ" ಎಂಬ ದನಿ ಕೇಳಿ ಟ್ಯೂಬು ಕೈಜಾರುವುದರಲ್ಲಿತ್ತು. ಬಾಗಿಲಲ್ಲಿ ಜಂಬಯ್ಯ ಪೊರಕೆ ಹಿಡಿದು ನಿಂತಿದ್ದ. "ಅದು ಬ್ಯಾರೆ. ನಿನಗ್ಯಾಕ ಬೇಕು?" ಎಂದ ಸುಮಧ್ವ, ಕೆಂಪು ನೀರನ್ನು ಸಿಂಕಿಗೆ ಸುರಿಯುತ್ತ. ಜಂಬಯ್ಯ ಮೂಲೆಯಿಂದ ಕಸ ಹೊಡೆಯತೊಡಗಿದ. ಅವನು ಆರಾಮಾಗಿ, ಯಾವ ಅವಸರವೂ ಇಲ್ಲದೆ ಹೊಡೆಯುತ್ತಿದ್ದುದು ಸುಮಧ್ವನಿಗೆ ಸಹಿಸಲಾಗಲಿಲ್ಲ.

ಈಗ ಏನು ಮಾಡಬೇಕೆಂಬುದು ಸ್ಪಷ್ಟವಿತ್ತು, ಮತ್ತು ಅದೇ ಕಷ್ಟವಾಗಿತ್ತು. ಉಪ್ಪು ಶುದ್ಧವಿರಲಿಲ್ಲ ಎಂದು ವರದಿ ಬರೆಯಬೇಕು. ಬರೆದರೆ ಉಪ್ಪು ಎಲ್ಲಿಯದು ಎಂದು ಕೇಳುತ್ತಾರೆ. ಹೊರಗಿನಿಂದ ತಂದಿದ್ದು ಏಕೆ ಎಂದು ಕೇಳುತ್ತಾರೆ. ಪರೀಕ್ಷೆ ರದ್ದಾಗುತ್ತದೆ, ಮೆಮೊ ಬರುತ್ತದೆ. ಅದೆಲ್ಲ ಇರಲಿ, ಹೊಸಪೇಟೆಯ ಸ್ಟಾಫ್ ರೂಮಿನಲ್ಲಿ, ಸೊನ್ನೆ ಸುಮಧ್ವ ಉಪ್ಪಿನ ಬದಲು ಮಾಳಿಗೆಯ ಮಣ್ಣು ಕೊಟ್ಟನಂತೆ ಎಂದು ಟೀ ಕುಡಿಯುತ್ತ ಹೇಳುವವರ ಮುಖಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ಅವರೆಲ್ಲ ಪರೀಕ್ಷೆಗೆ ಹೋದಲ್ಲಿ ಕೋಳಿ ಊಟ ಮಾಡಿ ಬರುವವರು, ಸೈಟು ಮಾಡಿದವರು. ಅವರು ನಗುವುದೆಂದರೆ! ತಾಯಿಗೂ ತಿಳಿಯುತ್ತದೆ. ಅವಳು ನಗುವುದಿಲ್ಲ, ನಾನು ಅಂದಿದ್ದೆ ಎಂದೂ ಅನ್ನುವುದಿಲ್ಲ, ಸೀರೆ ನೆನೆಹಾಕಲು ಎದ್ದು ಹೋಗುತ್ತಾಳೆ. ಅವನಿಗೆ ನಾಚಿಕೆಗಿಂತ ಹೆಚ್ಚಾಗಿ ಕಿರಿಕಿರಿಯಾಯಿತು. ಲಾರಿಯವರ ಮೇಲೆ, ಸಡಿಲ ಮುಚ್ಚಳದ ಮೇಲೆ, ಇಷ್ಟು ಚೆನ್ನಾಗಿ ಪರೀಕ್ಷೆ ಮಾಡಿದ ಆ ಹುಡುಗಿಯ ಮೇಲೂ. ಎಲ್ಲರ ಹಾಗೆ ನಾಲಗೆಗೆ ಹಚ್ಚಿಕೊಂಡು ಬರೆದುಕೊಡುವುದಕ್ಕೆ ಏನಾಗಿತ್ತು ಅವಳಿಗೆ?

ಸ್ಟಾಫ್ ರೂಮಿಗೆ ಮರಳಿದಾಗ ಚನ್ನಯ್ಯ ಮೇಣದಬತ್ತಿಯ ಮೇಲೆ ಅರಗು ಕಾಯಿಸುತ್ತಿದ್ದ. "ಸರ, ತಪ್ಪು ತಿಳೀಬ್ಯಾಡ್ರಿ. ಆ ಹುಡುಗಿ ಅಲ್ಯೂಮಿನಿಯಂ ಅಂತೂ ಬರ್ದೈತಲ್ರಿ. ಇನ್ನೊಂದು ಹೆಚ್ಚಿಗಿ ಬರ್ದೈತಿ, ಅಷ್ಟ. ಕೊಟ್ಟುಬಿಡ್ರಿ ಪಾಪ. ದೊಡ್ಡ ಮನಸ್ಸು ಮಾಡ್ರಿ." ಸುಮಧ್ವ ಕುರ್ಚಿಯಲ್ಲಿ ಕೂತ. ತಪ್ಪಿಸಿಕೊಳ್ಳುವ ಬಾಗಿಲು ತಾನಾಗಿಯೇ ತೆರೆದಿತ್ತು. ಇಷ್ಟು ಸುಲಭವೇ ಎಂದು ಅವನಿಗೆ ಆಶ್ಚರ್ಯವಾಯಿತು. ಸ್ವಲ್ಪ ಹೊತ್ತು ಯೋಚಿಸುವವನಂತೆ ಹುಬ್ಬು ಗಂಟಿಕ್ಕಿದ, ಬೇಡವೆಂಬಂತೆ ಒಮ್ಮೆ ತಲೆಯಾಡಿಸಿದ, ಆಮೇಲೆ ನಿಟ್ಟುಸಿರು ಬಿಟ್ಟು ಪೆನ್ನು ತೆಗೆದ. ಸೊನ್ನೆಯನ್ನು ಹೊಡೆದು ಹದಿನಾರು ಬರೆದ. ತಿದ್ದಿದಲ್ಲಿ ಕಾರಣ ಬರೆದು ರುಜು ಹಾಕಬೇಕು. ಕೂಡಿಸುವಾಗ ಆದ ತಪ್ಪು ಎಂದು ಬರೆದ. ಒಟ್ಟು ಮೂವತ್ತೈದಾಯಿತು. "ಎಂಥಾ ದೊಡ್ಡ ಮನಸ್ಸ್ರಿ ನಿಮ್ಮದು" ಎಂದ ಚನ್ನಯ್ಯ, ನಿಜವಾಗಿಯೇ ಖುಷಿಪಟ್ಟು. "ಜನ ಏನೇನೋ ಅಂತಾರ ನಿಮಗ. ನಾನು ಹೇಳ್ತೀನಿ ಎಲ್ಲರಿಗೂ, ಸುಮಧ್ವ ಸರ ಹಂಗಿಲ್ಲ ಅಂತ." ಆ ಹೊಗಳಿಕೆ ಅವನಿಗೆ ಮೈಮೇಲೆ ಎಂಜಲು ಬಿದ್ದಂತಾಯಿತು. ಆದರೂ ಸುಮ್ಮನೆ ಕೇಳಿಸಿಕೊಂಡ. "ಹುಡುಗಿ ಇನ್ನೂ ಸೈಕಲ್ ಸ್ಟ್ಯಾಂಡಿನಾಗ ಕುಂತೈತ್ರಿ, ಮನಿಗೆ ಹೋಗಿಲ್ಲ. ಜಂಬಯ್ಯ, ಕರಕೊಂಡು ಬಾರಪಾ" ಎಂದು ಚನ್ನಯ್ಯ ಕೂಗಿದ. ಕರೆಸುವುದು ಬೇಡ ಎನ್ನುವಷ್ಟರಲ್ಲಿ ಜಂಬಯ್ಯ ಹೊರಟುಹೋಗಿದ್ದ.

ಅವಳು ಬಂದು ಬಾಗಿಲ ಹತ್ತಿರ ನಿಂತಳು. ಜಂಬಯ್ಯ ಅವಳ ಹಿಂದೆ. "ಸರ ಮಾರ್ಕ್ಸ್ ಹಾಕ್ಯಾರ ನೋಡವಾ, ನಮಸ್ಕಾರ ಮಾಡು" ಎಂದ ಚನ್ನಯ್ಯ. ಅವಳು ಕೈಮುಗಿದಳು. ಆದರೆ ಹೋಗಲಿಲ್ಲ. "ಹಂಗಾರ ಕಬ್ಬಿಣ ಇತ್ತೇನ್ರಿ ಸರ?" ಎಂದು ಕೇಳಿದಳು. ಬೆಳಗ್ಗೆ ಇದ್ದಂಥದೇ ದನಿ. ಅವಳ ಮುಖದಲ್ಲಿ ಗೆದ್ದ ಸೊಕ್ಕೇನೂ ಇರಲಿಲ್ಲ, ತಿಳಿದುಕೊಳ್ಳುವ ಆಸೆ ಮಾತ್ರ ಇತ್ತು. ಹೌದು, ಇತ್ತು. ಎರಡು ಶಬ್ದ. ಸುಮಧ್ವನ ನಾಲಗೆಯ ತುದಿಗೆ ಬಂದೂ ಇತ್ತು. ಚನ್ನಯ್ಯ ಅರಗನ್ನು ಲಕೋಟೆಯ ಮೇಲೆ ಹನಿಸುತ್ತ ತಲೆಯೆತ್ತಿ ನೋಡಿದ. ಜಂಬಯ್ಯ ನೋಡಿದ. "ಇರಲಿಲ್ಲ" ಎಂದ ಸುಮಧ್ವ. "ಮತ್ತ ಮಾರ್ಕ್ಸ್…" "ಕಷ್ಟಪಟ್ಟು ಮಾಡೀಯಲ್ಲ, ಅದಕ್ಕ ಕೊಟ್ಟೀನಿ." ಈಗ ಜಗಳಕ್ಕೆ ಬರುತ್ತಾಳೆ, ಕೆಂಪು ಬಂದಿತ್ತು ಎಂದು ಹಟ ಹಿಡಿಯುತ್ತಾಳೆ, ಆಗ ಒಪ್ಪಿಕೊಂಡುಬಿಡುತ್ತೇನೆ ಎಂದು ಅವನು ಒಳಗೇ ಸಿದ್ಧನಾದ. ಅವಳು ಜಗಳ ಆಡಲಿಲ್ಲ. ಯೋಚಿಸಿದಳು. ಯೋಚಿಸಿದಂತೆ ಅವಳ ಮುಖ ಸಡಿಲವಾಯಿತು. ಇಷ್ಟು ಓದಿದವರು, ಇಷ್ಟು ಕಟ್ಟುನಿಟ್ಟಿನವರು, ಅಂಕವನ್ನೂ ಕೊಟ್ಟವರು ಸುಳ್ಳು ಹೇಳುವುದಕ್ಕೆ ಯಾವ ಕಾರಣವೂ ಅವಳಿಗೆ ಕಾಣಲಿಲ್ಲ.

"ಹಂಗಾರ ನಂದ ತಪ್ಪು ಬಿಡ್ರಿ ಸರ" ಎಂದಳು. ಚೀಲದಿಂದ ನೋಟ್‌ಬುಕ್ಕು, ಪೆನ್ನು ತೆಗೆದಳು. "ಎಲ್ಲಿ ತಪ್ಪಿತು ಹೇಳ್ರಿ. ಬಿಎಸ್ಸಿಗೆ ಹೋದ ಮ್ಯಾಲೆ ಮತ್ತ ಹಿಂಗ ಆಗಬಾರ್ದಲ್ರಿ." ಸುಮಧ್ವ ಗಂಟಲು ಸರಿಮಾಡಿಕೊಂಡ. ಹೇಳತೊಡಗಿದ. ಟೆಸ್ಟ್ ಟ್ಯೂಬಿನ ಗಾಜಿಗೆ ಹಿಂದಿನ ಪ್ರಯೋಗದ ಕಬ್ಬಿಣ ಅಂಟಿಕೊಂಡಿರುತ್ತದೆ, ನೀರಿನಲ್ಲಿ ಅದು ಬಿಡುವುದಿಲ್ಲ, ಆಸಿಡ್ಡು ಕಾಸಿದಾಗ ಬಿಡುತ್ತದೆ, ಥಯೋಸಯನೇಟ್ ಬಹಳ ಸೂಕ್ಷ್ಮ, ಲಕ್ಷದಲ್ಲಿ ಒಂದು ಪಾಲಿದ್ದರೂ ತೋರಿಸಿಬಿಡುತ್ತದೆ. ಆದ್ದರಿಂದ ಬಣ್ಣ ಕಂಡ ಕೂಡಲೇ ನಂಬಬಾರದು. ಮೊದಲು ನಮ್ಮ ಕೈಯನ್ನೇ, ನಮ್ಮ ಪಾತ್ರೆಯನ್ನೇ ಅನುಮಾನಿಸಬೇಕು. ಮಾತು ತಡವರಿಸಲಿಲ್ಲ. ಇಪ್ಪತ್ತು ವರ್ಷದ ಅಭ್ಯಾಸ, ಒಂದರ ಹಿಂದೆ ಒಂದು ಸರಾಗವಾಗಿ ಬಂದವು. ಇಷ್ಟು ತಾಳ್ಮೆಯಿಂದ ಅವನು ಯಾರಿಗೂ ಇತ್ತೀಚೆಗೆ ಪಾಠ ಹೇಳಿರಲಿಲ್ಲ. ಬೆಳಗ್ಗೆ ಆ ಟ್ಯೂಬುಗಳನ್ನೆಲ್ಲ ತೊಳೆದಿಟ್ಟಿದ್ದ ಜಂಬಯ್ಯ ಬಾಗಿಲಲ್ಲಿ ತನ್ನ ಹಳದಿ ಬೆರಳುಗಳನ್ನು ನೋಡಿಕೊಂಡು ನಿಂತಿದ್ದ. ಹುಡುಗಿ ಒಂದು ಮಾತೂ ಬಿಡದೆ ಬರೆದುಕೊಂಡಳು. ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿ, "ನಾನು ಮೂರು ಸಲ ತೊಳಕೊಂಡಿದ್ದೆ ಸರ. ನಾಕು ಸಲ ತೊಳೀಬೇಕೇನ್ರಿ?" ಎಂದು ಕೇಳಿದಳು.

"ಹೌದು" ಎಂದ ಸುಮಧ್ವ. "ನಾಲ್ಕು ಸಲ ತೊಳೀಬೇಕು."

ಅವಳು ಅದನ್ನೂ ಬರೆದುಕೊಂಡಳು.